ಬೆಳಗಿನ ಹೊತ್ತು ಬಿಡದ ಬ್ರೇಕು

ತಿಪಟೂರು
12 ನವೆಂಬರ್ 1984

ಚಿರಂಜೀವಿ ಬಸವರಾಜುವಿಗೆ ನಿನ್ನ ಸೋದರಮಾವ ಹುಚ್ಚರಂಗಯ್ಯ ಮಾಡುವ ಆಶೀರ್ವಾದ.

ಇಲ್ಲಿ ಲಾರಿಯೊಂದನ್ನು ಬಿಟ್ಟು ಮಿಕ್ಕವರೆಲ್ಲ ಕ್ಷೇಮ. ಗೌರಿ ಹಬ್ಬಕ್ಕೆ ಬಂದವನು ಜಗಲಿ ಮೇಲೆ ಕೂತು ಮೂರು ಕಡುಬು ತಿಂದು ಒಂದು ಮಾತು ಹೇಳಿ ಮದ್ರಾಸಿಗೆ ಹೊರಟುಹೋದೆ. ಹೊರದೇಶದ ಗಾಡಿಗಳಲ್ಲಿ ಬ್ರೇಕಿಗೆ ಡ್ರಮ್ಮಿಲ್ಲ, ಚಕ್ರದ ಜೊತೆ ಒಂದು ಉಕ್ಕಿನ ತಟ್ಟೆ ತಿರುಗುತ್ತದೆ, ಅದನ್ನು ಎರಡೂ ಕಡೆಯಿಂದ ಒಂದು ಇಕ್ಕಳ ಹಿಡಿಯುತ್ತದೆ, ಎಣ್ಣೆ ಬಿದ್ದರೆ ಕೊಡವಿಕೊಳ್ಳುತ್ತದೆ, ಕಾದರೆ ಗಾಳಿಗೆ ಆರುತ್ತದೆ ಅಂದೆ. ಅಂದಿನಿಂದ ನನ್ನ ತಲೆಯೊಳಗೆ ಆ ತಟ್ಟೆಯೇ ತಿರುಗುತ್ತಿದೆ.

ನಿಮ್ಮಣ್ಣ ಮಾಯಣ್ಣನ ಮೊಣಕಾಲು ವಾಸಿಯಾಗಿದೆ, ಧೈರ್ಯ ವಾಸಿಯಾಗಿಲ್ಲ. ಹೋದ ಶಿವರಾತ್ರಿಯಲ್ಲಿ ದಂಡಿನಶಿವರದ ಕೆರೆ ಏರಿಯಿಂದ ಇಳಿಯುವಾಗ ಹಿಂದಿನ ಬ್ರೇಕು ಹಿಡಿಯದೆ ಕೆಂಚಪ್ಪನ ತೋಟಕ್ಕೆ ನುಗ್ಗಿ ತೆಂಗಿನ ಮರಕ್ಕೆ ಗುದ್ದಿದನಲ್ಲ, ಆಮೇಲಿಂದ ಎಲ್ಲಿ ಇಳಿಜಾರು ಕಂಡರೂ ಲಾರಿ ನಿಲ್ಲಿಸಿ, ಇಳಿದು, ಬಗ್ಗಿ ನೋಡಿ, ಒಂದನೇ ಗೇರಿನಲ್ಲಿ ಇಳಿಸುತ್ತಾನೆ. ಮೊನ್ನೆ ಊಟ ಮಾಡುತ್ತಾ ಹೇಳಿದ, ‘ಸಂಕ್ರಾಂತಿ ಕಳೀಲಿ ಮಾವ, ಸ್ಟೀರಿಂಗ್ ಬುಟ್ಬುಡ್ತೀನಿ ಕಣಪ್ಪ’ ಅಂತ. ಹದಿನೆಂಟು ವರ್ಷದಿಂದ ಲಾರಿ ಬಿಟ್ಟು ಬೇರೆ ಏನನ್ನೂ ಮುಟ್ಟದವನು. ನಿಮ್ಮಿಬ್ಬರನ್ನೂ ಇದೇ ಶೆಡ್ಡಿನಲ್ಲಿ ಬೆಳೆಸಿದವನು ನಾನು. ಆ ಮಾತಿಗೇ ಈ ಕಾಗದ.

ಹಿಂದಿನ ಎರಡು ಚಕ್ರಕ್ಕೆ ಆ ತಟ್ಟೆ, ಆ ಇಕ್ಕಳ ಹುಡುಕಿ ಕಳಿಸು. ಲೇತ್ ಅಂಗಡಿ ಶಂಭುಲಿಂಗಯ್ಯನಿಗೆ ಹೇಳಿದರೆ, ‘ಹೆಸರಲ್ಲೇ ಹುಚ್ಚು ಇಟ್ಕಂಡೋರ್ಗೆ ನಾನೇನು ಹೇಳ್ಳಿ’ ಅಂದ. ನೀನೂ ಹಾಗನ್ನಬೇಡ.

ನಿನ್ನ ಮಾವ
ಹುಚ್ಚರಂಗಯ್ಯ


ಮದ್ರಾಸು
24 ನವೆಂಬರ್ 1984

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಹಬ್ಬದ ದಿನ ಹೊಟ್ಟೆ ತುಂಬಿದವನು ಆಡಿದ ಮಾತನ್ನು ನೀವು ಇಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತೀರಿ ಎಂದು ತಿಳಿದಿದ್ದರೆ ಬಾಯಿ ಬಿಡುತ್ತಿರಲಿಲ್ಲ. ನಾನು ಕೆಲಸ ಮಾಡುವುದು ಬ್ರೇಕಿನ ಕಾರ್ಖಾನೆಯಲ್ಲೇ. ಇಲ್ಲಿಯೂ ಲಾರಿಯ ಹಿಂದಿನ ಚಕ್ರಕ್ಕೆ ಡಿಸ್ಕ್ ಹಾಕಿದವರನ್ನು ನಾನು ಕಂಡಿಲ್ಲ. ಆದರೆ ಬೇಡ ಎಂದು ಬರೆದರೆ ನೀವು ಎತ್ತಿನಗಾಡಿಯ ಪಟ್ಟಿ ಕತ್ತರಿಸಿಯಾದರೂ ಕೂರಿಸುತ್ತೀರಿ. ಅದಕ್ಕಾಗಿ ಬಂದರಿನ ಹತ್ತಿರ ಕಳಚಿದ ಒಂದು ವಿದೇಶಿ ಗಾಡಿಯಿಂದ ಎರಡು ಡಿಸ್ಕು, ಎರಡು ಕ್ಯಾಲಿಪರು ಹುಡುಕಿ, ಒತ್ತಡ ಕೊಟ್ಟು ಪರೀಕ್ಷಿಸಿ, ರೈಲ್ವೆ ಪಾರ್ಸಲಿನಲ್ಲಿ ಕಳಿಸಿದ್ದೇನೆ. ನೀವು ಇಕ್ಕಳ ಎಂದದ್ದೇ ಈ ಕ್ಯಾಲಿಪರು.

ದಯವಿಟ್ಟು ಈ ಮೂರನ್ನು ತಪ್ಪಿಸಬೇಡಿ. ಕ್ಯಾಲಿಪರ್ ಕೂರುವ ಪಟ್ಟಿಯನ್ನು ಶಂಭುಲಿಂಗಯ್ಯನವರ ಲೇತಿನಲ್ಲೇ ಅಳತೆಗೆ ಮಾಡಿಸಿ, ಸುತ್ತಿಗೆಯಲ್ಲಿ ಬಗ್ಗಿಸಬೇಡಿ. ಪೆಡಲಿನ ಕೆಳಗಿನ ಸಿಲಿಂಡರಿನಿಂದ ಹಿಂದಕ್ಕೆ ಹೋಗುವ ಕೊಳವೆಯ ಬಾಯಲ್ಲಿ ಗುಂಡಿಯಷ್ಟು ಪುಟ್ಟ ವಾಲ್ವು ಇದೆ, ಅದು ಡ್ರಮ್ಮಿಗೆ ಬೇಕು, ಡಿಸ್ಕಿಗೆ ಬೇಡ, ತೆಗೆದುಬಿಡಿ. ಕ್ಯಾಲಿಪರು ಹಿಂದೆ ಮುಂದೆ ಜಾರುವ ಪಿನ್ನುಗಳಿಗೆ ಪಾರ್ಸಲಿನಲ್ಲಿರುವ ಗುಲಾಬಿ ಬಣ್ಣದ ಗ್ರೀಸನ್ನೇ ಹಚ್ಚಿ. ನಿಮ್ಮ ಲಾರಿಯ ಹ್ಯಾಂಡ್ ಬ್ರೇಕು ಗೇರ್ ಬಾಕ್ಸಿನ ಹಿಂದೆ ಇರುವುದರಿಂದ ಅದಕ್ಕೇನೂ ತೊಂದರೆಯಿಲ್ಲ.

ಅವ್ವನಿಗೆ ನಾನು ಚೆನ್ನಾಗಿದ್ದೇನೆಂದು ಹೇಳಿ. ಅಣ್ಣನಿಗೆ ಆತುರಪಡಬೇಡ ಎಂದು ಹೇಳಿ.

ತಮ್ಮ
ಬಸವರಾಜು


ತಿಪಟೂರು
9 ಡಿಸೆಂಬರ್ 1984

ಚಿ. ಬಸವರಾಜು,

ಪಾರ್ಸಲು ಬಂತು. ಸ್ಟೇಷನ್ನಿನಿಂದ ಮನೆಗೆ ತಂದಿಟ್ಟು ನಾನು ಲೇತಿನವನ ಹತ್ತಿರ ಹೋಗಿ ಬರುವುದರೊಳಗೆ ನಿಮ್ಮವ್ವ ಹಗ್ಗ ಬಿಚ್ಚಿ, ಮಗ ಏನು ಕಳಿಸಿದ್ದಾನೆಂದು ಎಲ್ಲ ಸಾಮಾನನ್ನೂ ಜಗಲಿ ಮೇಲೆ ಹರವಿದ್ದಳು. ಇರಲಿ.

ಒಂಬತ್ತು ದಿನ ಹಿಡಿಯಿತು. ಚಕ್ರ ಬಿಚ್ಚಿ, ಡ್ರಮ್ಮು ಕಳಚಿ, ಅದರ ಹಿಂದಿನ ಹಳೇ ತಗಡನ್ನು ತೆಗೆದು ಮೂಲೆಗೆ ಎಸೆದಾಗ ಎದೆಯ ಮೇಲಿನ ಭಾರವನ್ನೇ ಎಸೆದಂತಾಯಿತು. ಪಟ್ಟಿಯ ತೂತು ಎರಡು ಸಲ ತಪ್ಪಾಯಿತು. ಅಳತೆ ತಪ್ಪು ಕೊಟ್ಟವನು ನಾನು ಅಂತ ಶಂಭುಲಿಂಗಯ್ಯ, ತಪ್ಪು ಕೊರೆದವನು ಅವನು ಅಂತ ನಾನು. ಮೂರನೇ ಸಲ ಇಬ್ಬರೂ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದೆವು, ಕೂತುಕೊಂಡಿತು. ವಾಲ್ವು ತೆಗೆದೆ. ಹಚ್ಚಬೇಕಾದ್ದನ್ನೆಲ್ಲ ಹಚ್ಚಿದೆ.

ನಿನ್ನೆ ಮಧ್ಯಾಹ್ನ ತುರುವೇಕೆರೆ ರಸ್ತೆಯಲ್ಲಿ ಓಡಿಸಿ ನೋಡಿದೆವು. ಮಾಯಣ್ಣ ಕಾಲಿಟ್ಟ, ನಿಂತಿತು. ಅಷ್ಟೇ. ಕಿರಿಚಲಿಲ್ಲ, ಎಳೆಯಲಿಲ್ಲ. ಹಿಂತಿರುಗುವಾಗ ಅವನು ಸೀಟಿ ಹೊಡೆಯುತ್ತಿದ್ದ. ಒಂಬತ್ತು ತಿಂಗಳ ಮೇಲಾಗಿತ್ತು ಆ ಸೀಟಿ ಕೇಳಿ.

ನಿಮ್ಮವ್ವ ಲಕ್ಷ್ಮಕ್ಕ ಪಕ್ಕದಲ್ಲೇ ಕೂತು ಇದನ್ನು ಬರಿ ಅನ್ನುತ್ತಿದ್ದಾಳೆ. ಚಳಿಗೆ ಅವಳ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ನೀನು ಕಳಿಸಿದ ಮುಲಾಮು ಬಹಳ ಚೆನ್ನಾಗಿ ಹಿಡಿದಿದೆಯಂತೆ. ‘ನನ್ ಮಗ ಅಷ್ಟು ದೂರ್ದಾಗಿದ್ರೂ ನನ್ ಕಾಲು ಮರ್ತಿಲ್ಲ ಕಣಣ್ಣ’ ಅಂತ ಬೀದಿಗೆಲ್ಲ ಹೇಳಿ ಬಂದಿದ್ದಾಳೆ.

ನಿನ್ನ ಮಾವ
ಹುಚ್ಚರಂಗಯ್ಯ


ತಿಪಟೂರು
20 ಡಿಸೆಂಬರ್ 1984

ಬಸವರಾಜು,

ನಿನ್ನ ಡಿಸ್ಕಿಗೆ ಏನು ರೋಗ ಬರೆದು ತಿಳಿಸು.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಮಾಯಣ್ಣ ಸಂಪಿಗೆ ಊರಿಗೆ ತೆಂಗಿನಕಾಯಿ ತುಂಬಲು ಹೊರಟ. ಶೆಡ್ಡಿನ ಮುಂದಿನ ತಿರುವಿನಲ್ಲಿ ಒಂದು ಸಲ ಬ್ರೇಕು ಒತ್ತಿದನಂತೆ, ಆಮೇಲೆ ಹಿಂದಿನ ಚಕ್ರ ಬಿಡಲೇ ಇಲ್ಲ. ‘ಹಿಂದ್ಗಡೆಯಿಂದ ಯಾರೋ ಪಂಚೆ ಹಿಡ್ಕಂಡು ಎಳ್ದಂಗೆ ಆಯ್ತದೆ ಮಾವ’ ಅಂದ. ತಿಣುಕುತ್ತಾ ತಿಣುಕುತ್ತಾ ಸಂಪಿಗೆ ಸೇರಿ ಒಂದು ಚೊಂಬು ನೀರು ಹಾಕಿದರೆ ತಟ್ಟೆ ಬುಸ್ಸೆಂದಿತಂತೆ. ಅಲ್ಲಿ ಕಾಯಿ ತುಂಬುವುದರೊಳಗೆ ಹೊತ್ತೇರಿತು. ಬರುವಾಗ ಏನೂ ಇಲ್ಲ, ಹೂವಿನಂತೆ ಬಂತು. ನಾನು ಮಧ್ಯಾಹ್ನ ಜಾಕಿ ಕೊಟ್ಟು ಚಕ್ರ ತಿರುಗಿಸಿದೆ. ಒಂದು ಬೆರಳಿಗೆ ತಿರುಗಿತು.

ಮಂಗಳವಾರವೂ ಹೀಗೇ. ಬುಧವಾರವೂ ಹೀಗೇ. ಬೆಳಿಗ್ಗೆ ಹಿಡಿದ ಕೈ ಬಿಡದು, ಮಧ್ಯಾಹ್ನ ಸಾಧು. ನಾನು ನೋಡುವಾಗೆಲ್ಲ ಸರಿಯಾಗಿರುತ್ತದೆ! ಮೂವತ್ತೈದು ವರ್ಷ ಸ್ಪ್ಯಾನರು ಹಿಡಿದವನಿಗೆ ಒಂದು ಕಬ್ಬಿಣದ ತಟ್ಟೆ ಇಷ್ಟು ಅವಮಾನ ಮಾಡಬಾರದು. ಮಾಯಣ್ಣನ ಸೀಟಿ ನಿಂತಿದೆ.

ಹುಚ್ಚರಂಗಯ್ಯ


ಮದ್ರಾಸು
27 ಡಿಸೆಂಬರ್ 1984

ಪೂಜ್ಯ ಮಾವನವರಿಗೆ,

ಇದರಲ್ಲಿ ರೋಗವೇನೂ ಇಲ್ಲ. ವಾಲ್ವು ಅಲ್ಲೇ ಉಳಿದಿದೆ. ಅದು ಕೊಳವೆಯಲ್ಲಿ ಸ್ವಲ್ಪ ಒತ್ತಡ ಹಿಡಿದಿಡುತ್ತದೆ. ಡ್ರಮ್ಮಿನೊಳಗೆ ಲೈನರನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಇರುವುದರಿಂದ ಅಲ್ಲಿ ನಡೆಯುತ್ತದೆ, ಡಿಸ್ಕಿನಲ್ಲಿ ಅಂಥ ಸ್ಪ್ರಿಂಗೇ ಇಲ್ಲ, ಹಿಡಿದದ್ದು ಹಿಡಿದಂತೆಯೇ ಇರುತ್ತದೆ. ನೀವು ತೆಗೆದದ್ದು ವಾಲ್ವೋ ಬೇರೆ ಯಾವುದಾದರೂ ವಾಷರೋ, ನನಗೆ ಅನುಮಾನ.

ಹೀಗೇ ಎಳೆಯುತ್ತಾ ಓಡಿಸಿದರೆ ತಟ್ಟೆ ಕಾದು, ಕೊಳವೆಯ ಬ್ರೇಕ್ ಆಯಿಲು ಕುದಿದು, ಪೆಡಲು ಒತ್ತಿದರೆ ನೆಲಕ್ಕೆ ಹೋಗುತ್ತದೆ. ಆಗ ಬ್ರೇಕೇ ಇರುವುದಿಲ್ಲ. ಇಳಿಜಾರಿನಲ್ಲಿ ಹಾಗಾದರೆ ಏನಾಗುತ್ತದೆಂದು ನಮ್ಮ ಮನೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅವ್ವ ಹೇಳಿದ ಮುಲಾಮು ಯಾವುದೆಂದು ನೆನಪಾಗಲಿಲ್ಲ. ಹಬ್ಬಕ್ಕೆ ಬಂದಾಗ ತಂದಿದ್ದ ತಲೆನೋವಿನ ಡಬ್ಬಿ ಇರಬೇಕು. ಗುಣವಾದದ್ದು ಸಂತೋಷ.

ಬಸವರಾಜು


ತಿಪಟೂರು
3 ಜನವರಿ 1985

ಚಿ. ಬಸವರಾಜು,

ಈ ಲಕೋಟೆಯನ್ನು ಅಲ್ಲಾಡಿಸು. ಕೆಳಗೆ ಬೀಳುವುದೇ ನಿನ್ನ ವಾಲ್ವು. ಅಂಚೆ ಕಚೇರಿಯಲ್ಲಿ ‘ಇದೇನು ಹುಚ್ಚರಂಗಯ್ಯನೋರೆ, ಕಾಗದದೊಳಗೆ ಗುಂಡು ಕಳಿಸ್ತಿದ್ದೀರಿ’ ಅಂದರು. ನನ್ನ ಸೋದರಳಿಯ ನನ್ನನ್ನು ನಂಬುವುದಿಲ್ಲ, ಸಾಕ್ಷಿ ಕಳಿಸುತ್ತಿದ್ದೇನೆ ಅಂದೆ. ವಾಷರು ಯಾವುದು ವಾಲ್ವು ಯಾವುದು ಅಂತ ನಿನಗೆ ಹೇಳಿಕೊಟ್ಟವನು ಯಾರು, ಕೂತು ಯೋಚನೆ ಮಾಡು.

ಊರಿನವರ ಸಲಹೆ ಕೇಳಿ ಕೇಳಿ ಕಿವಿ ತೂತಾಗಿದೆ. ಗಾಲಿಗೆ ನಿಂಬೆಹಣ್ಣು ಕಟ್ಟು ಅಂದವರು ಇಬ್ಬರು. ಲಾರಿಯ ಬಾಗಿಲು ಉತ್ತರಕ್ಕಿದೆ, ಪೂರ್ವಕ್ಕೆ ನಿಲ್ಲಿಸು ಅಂದವನು ಒಬ್ಬ. ಕೆಂಚಪ್ಪ ಮೊನ್ನೆ ಕೊಬ್ಬರಿ ಮಾರುಕಟ್ಟೆಯಲ್ಲಿ ಸಿಕ್ಕಿ, ‘ನಿಮ್ ಲಾರಿ ಬತ್ತದೆ ಅಂದ್ರೆ ಮುಂಚೇನೆ ಹೇಳಿ ಕಣ್ರೀ, ಮರಕ್ಕೆ ಪಕ್ಕಕ್ಕೆ ಸರ್ಕೋ ಅಂತೀನಿ’ ಅಂದ. ಎಲ್ಲರೂ ನಕ್ಕರು. ಮಾಯಣ್ಣನೂ ಅಲ್ಲೇ ಇದ್ದ.

ಕೊಳವೆ ತೊಳೆದೆ. ಪಿನ್ನು ಬಿಚ್ಚಿ ಒರೆಸಿ ಮತ್ತೆ ಹಚ್ಚಿದೆ, ಮೊದಲಿಗಿಂತ ಧಾರಾಳವಾಗಿ. ಮಾರನೇ ದಿನ ಮೊದಲಿಗಿಂತ ಬಿಗಿಯಾಗಿ ಹಿಡಿಯಿತು. ಇದಕ್ಕೇನಂತೀಯ?

ಹುಚ್ಚರಂಗಯ್ಯ


ಮದ್ರಾಸು
11 ಜನವರಿ 1985

ಮಾವ,

ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಆಡುವ ಬ್ರೇಕನ್ನು ನಾನು ಕಂಡಿಲ್ಲ, ಕೇಳಿಲ್ಲ. ಇಲ್ಲಿ ನಮ್ಮ ಫೋರ್‌ಮನ್ನರನ್ನು ಕೇಳಿದರೆ ನಕ್ಕರು. ನೀವು ಎಲ್ಲೋ ಏನೋ ಮಾಡಿ ಹೇಳುತ್ತಿಲ್ಲ. ‘ಎಲ್ಲ ಸರಿ ಮಾಡಿದ್ದೇನೆ’ ಎಂದು ನೀವು ಬರೆಯುವುದನ್ನು ಓದಿದಾಗಲೆಲ್ಲ ನನಗೆ ಹೋದ ಶಿವರಾತ್ರಿ ನೆನಪಾಗುತ್ತದೆ. ಅವತ್ತೂ ಎಲ್ಲ ಸರಿ ಎಂದೇ ಅಣ್ಣನನ್ನು ಕಳಿಸಿದ್ದಿರಿ.

ಡಿಸ್ಕು ತೆಗೆದು ಡ್ರಮ್ಮು ಹಾಕಿ. ಇಲ್ಲವಾದರೆ ಅಣ್ಣ ಲಾರಿ ಕೆಲಸವನ್ನೇ ಬಿಟ್ಟುಬಿಡುವುದು ಒಳ್ಳೆಯದು.

ಬಸವರಾಜು


ತಿಪಟೂರು
29 ಜನವರಿ 1985

ಬಸವರಾಜುವಿಗೆ,

ನಿನ್ನ ಪತ್ರ ಬಂದು ಹದಿನಾಲ್ಕು ದಿನವಾಯಿತು. ಸಂಕ್ರಾಂತಿ ಕಳೆಯಿತು. ಎರಡು ಸಲ ಬರೆಯಲು ಕೂತು ಹರಿದು ಹಾಕಿದೆ.

ಹೋದ ಶಿವರಾತ್ರಿಯಲ್ಲಿ ಲಾರಿ ಹೊರಡುವ ಮುಂಚೆ ಎಡಗಡೆ ಡ್ರಮ್ಮಿನ ಅಂಚಿನಲ್ಲಿ ಒಂದು ಬೆರಳಗಲ ಎಣ್ಣೆ ಒಸರಿದ್ದನ್ನು ನಾನು ಕಂಡಿದ್ದೆ. ಎಣ್ಣೆ ತಡೆಯುವ ಸೀಲು ಹೋಗಿತ್ತು. ಒಂದು ಟ್ರಿಪ್ ತಾನೆ, ಬಂದ ಮೇಲೆ ಹೊಸದು ಹಾಕಿದರಾಯಿತು ಅಂದುಕೊಂಡು ಮಾಯಣ್ಣನಿಗೆ ಹೇಳಲಿಲ್ಲ. ಹನ್ನೊಂದು ತಿಂಗಳಿಂದ ಯಾರಿಗೂ ಹೇಳಿಲ್ಲ. ನೀನು ಕೋಪದಲ್ಲಿ ಬರೆದ ಎರಡು ಸಾಲು ಎಲ್ಲ ತಿಳಿದು ಬರೆದಂತೆ ಕಂಡಿತು.

ನಿನ್ನ ಪತ್ರ ಓದಿದ ಮೇಲೆ ಮಾಯಣ್ಣನನ್ನು ಶೆಡ್ಡಿಗೆ ಕರೆದು ಹೇಳಿಬಿಟ್ಟೆ. ಅವನು ಬಗ್ಗಿ ಎಡಗಡೆ ಹಿಂದಿನ ಚಕ್ರವನ್ನು ಕೈಯಿಂದ ಒರೆಸಿದ. ಆಮೇಲೆ ಅಂದ, ‘ಆ ಒದ್ದೆ ನಾನೂ ಕಂಡಿದ್ದೆ ಮಾವ. ನೀನು ನೋಡಿ ಸುಮ್ಕಿದ್ದೀಯ ಅಂದ್ಮೇಲೆ ಸರಿ ಇರ್ಬೇಕು ಅಂತ ಹೊಂಟೆ.’ ಬೈದಿದ್ದರೆ ಇದಕ್ಕಿಂತ ಮೇಲಾಗಿತ್ತು ಕಣಪ್ಪ.

ಡ್ರಮ್ಮು ಹಾಕುತ್ತೇನೆ ಅಂದರೆ ಅವನು ಒಪ್ಪುತ್ತಿಲ್ಲ. ಮಧ್ಯಾಹ್ನದ ಬ್ರೇಕು ಅವನಿಗೆ ಹಿಡಿಸಿದೆ. ಫೆಬ್ರವರಿ ಎಂಟರಂದು ಕೆಂಚಪ್ಪನ ತೋಟದ ಕಾಯಿ ತರುವುದಿದೆ, ಅದೇ ಏರಿಯ ಮೇಲೆ, ಬೆಳಕು ಹರಿಯುವ ಹೊತ್ತಿಗೆ. ಕೆಂಚಪ್ಪನ ಎದುರಿಗೇ ಇಳಿಸುತ್ತೇನೆ, ಸರಿಯಾಗಿ ಇಳಿದರೆ ಲಾರಿ ಇಟ್ಟುಕೊಳ್ಳುತ್ತೇನೆ, ಇಲ್ಲವಾದರೆ ಬೀಗದ ಕೈ ನಿನಗೇ ಮಾವ ಅಂದಿದ್ದಾನೆ. ನಾನು ಬೇಡ ಅನ್ನಲು ಈಗ ಯಾವ ಬಾಯಿ?

ಚಳಿ ಇನ್ನೂ ಬಿಟ್ಟಿಲ್ಲ. ನಿಮ್ಮವ್ವ ತಲೆಗೆ ಹಚ್ಚುವ ಎಣ್ಣೆ ಬಾಟಲಿಯನ್ನು ಜಗಲಿಯ ಬಿಸಿಲಿಗಿಟ್ಟು, ಅದು ಕರಗುವವರೆಗೂ ನನ್ನ ಜೊತೆ ಜಗಳಕ್ಕೆ ಕೂತಿದ್ದಾಳೆ. ನಾನು ಶೆಡ್ಡಿನಲ್ಲಿಟ್ಟಿದ್ದ ಎಣ್ಣೆಯನ್ನೂ ಅದಕ್ಕೇ ಸುರಿದುಕೊಂಡು, ‘ಇನ್ಮ್ಯಾಲೆ ನಿನ್ ಲಾರೀಗೆ ಬೇರೆ ತಂದ್ಕೋ’ ಅನ್ನುತ್ತಿದ್ದಾಳೆ. ಇವಳ ಕಾಟ ಒಂದು ಕಡೆ.

ಹುಚ್ಚರಂಗಯ್ಯ


ತಂತಿ
ಮದ್ರಾಸು, 2 ಫೆಬ್ರವರಿ 1985

ಪಿನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿದಿರಾ. ಲಾರಿ ತೆಗೆಯಬೇಡಿ. ಪತ್ರ ಬರುತ್ತಿದೆ. ಬಸವರಾಜು.


ಮದ್ರಾಸು
2 ಫೆಬ್ರವರಿ 1985

ಪೂಜ್ಯ ಮಾವನವರಿಗೆ,

ತಂತಿ ಕೊಟ್ಟು ಈಗ ಬಂದೆ. ಅಂಚೆ ಕಚೇರಿಯಲ್ಲಿ ಆ ಗುಮಾಸ್ತ ನನ್ನನ್ನು ಎರಡು ಸಲ ನೋಡಿದ.

ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ಬಸ್ಸಿನಲ್ಲಿ ನಿಂತು ಓದಿದೆ. ಅವ್ವನ ಬಾಟಲಿ ಬಿಸಿಲಿಗೆ ಕೂತದ್ದನ್ನು ಓದಿದಾಗ ನನಗೆ ನನ್ನ ಮೇಲೇ ರೇಗಿಹೋಯಿತು. ಚಿಕ್ಕವನಿದ್ದಾಗ ನಾನೇ ಎಷ್ಟು ಸಲ ಆ ಬಾಟಲಿಯೊಳಗೆ ಕಡ್ಡಿ ಹಾಕಿ ಬಿಳೀ ಎಣ್ಣೆ ತೆಗೆದಿಲ್ಲ! ಈ ಊರಿನಲ್ಲಿ ಎಣ್ಣೆ ಕಲ್ಲಾದದ್ದನ್ನು ಏಳು ವರ್ಷದಿಂದ ಕಂಡಿಲ್ಲ. ಮರೆತೇಹೋಗಿತ್ತು.

ಮಾವ, ಬೆಳಿಗ್ಗೆ ಆ ಪಿನ್ನಿನ ಸುತ್ತಲೂ ಎಣ್ಣೆ ಹೆಪ್ಪುಗಟ್ಟಿರುತ್ತದೆ. ಕಾಲೊತ್ತಿದ ಬಲಕ್ಕೆ ಕ್ಯಾಲಿಪರು ಜಾರುತ್ತದೆ, ವಾಪಸು ಬರುವುದಿಲ್ಲ, ಎಳೆಯಲು ಅಲ್ಲಿ ಸ್ಪ್ರಿಂಗಿಲ್ಲ. ಚಳಿಗಾಳಿಯಲ್ಲಿ ತಟ್ಟೆಯ ಕಾವು ಪಿನ್ನಿಗೆ ಮುಟ್ಟದು, ಬಿಸಿಲೇರಿದ ಮೇಲೇ ಕರಗುತ್ತದೆ. ನೀವು ಹೆಚ್ಚು ಹಚ್ಚಿದಷ್ಟೂ ಹೆಚ್ಚು ಹಿಡಿಯುತ್ತದೆ. ಮೂವತ್ತೈದು ವರ್ಷ ಡ್ರಮ್ಮಿನ ಕೀಲಿಗೆ ಅದೇ ಎಣ್ಣೆ ಬಿಟ್ಟಿರಿ, ಅಲ್ಲಿ ಸ್ಪ್ರಿಂಗು ನಿಮ್ಮನ್ನು ಕಾಪಾಡಿತು.

ಒಂದೇ ಒಂದು ಪ್ರಶ್ನೆ. ನಾನು ಕಳಿಸಿದ ಗುಲಾಬಿ ಗ್ರೀಸಿನ ಡಬ್ಬಿ ಎಲ್ಲಿ ಹೋಯಿತು?

ಅಣ್ಣನ ವಿಷಯ ಬರೆದ ಆ ಎರಡು ಸಾಲನ್ನು ಬರೆಯಬಾರದಿತ್ತು. ಊಹೆಯಿಂದ ಬರೆದೆ.

ಬಸವರಾಜು


ತಿಪಟೂರು
6 ಫೆಬ್ರವರಿ 1985

ಚಿ. ಬಸವರಾಜು,

ತಂತಿ ಅಂದರೆ ಯಾರಿಗೋ ಏನೋ ಆಯಿತೆಂದು ನಿಮ್ಮವ್ವ ಎದೆ ಹಿಡಿದುಕೊಂಡು ಓಡಿಬಂದಳು. ಅಂಚೆಯವರು ‘ಕೊಬ್ಬರಿ ಎಣ್ಣೆ’ ಅಂತ ಓದಿದ್ದೇ ತಡ, ‘ಇದ್ನ ಹೇಳಾಕೆ ತಂತಿನಾ?’ ಅಂತ ನಿನಗೆ ಬೈದಳು. ಹಚ್ಚಿದ್ದು ನಿಜ. ತಿಪಟೂರಿನಲ್ಲಿ ಕೂತು ಕೀಲಿಗೆ ಇನ್ನೇನು ಹಚ್ಚುತ್ತಾರೆ? ಅದನ್ನು ಬರೆಯಬೇಕೆಂದು ಕೂಡ ತೋಚಲಿಲ್ಲ.

ಇನ್ನು ಡಬ್ಬಿಯ ವಿಷಯ. ಅದನ್ನೂ ಮುಚ್ಚಿಟ್ಟಿದ್ದೆ, ಈಗ ಕೇಳು. ಅವತ್ತು ನಾನು ಲೇತಿನವನ ಹತ್ತಿರದಿಂದ ಬರುವುದರೊಳಗೆ ನಿಮ್ಮವ್ವ ಆ ಡಬ್ಬಿಯ ಮುಚ್ಚಳ ತೆಗೆದು, ಹಿಮ್ಮಡಿ ಎರಡಕ್ಕೂ ಮೆತ್ತಿಕೊಂಡು, ಕಾಲು ಚಾಚಿ ಕೂತಿದ್ದಳು. ಕಣ್ಣಲ್ಲಿ ನೀರು. ‘ನೋಡಣ್ಣ, ಇಷ್ಟೊಂದು ಕಬ್ಬಿಣದ ಮಧ್ಯ ನನ್ ಕಾಲ್ಗೂ ಒಂದು ಮುಲಾಮು ಇಟ್ಟವ್ನೆ’ ಅಂದಳು. ನೀನೇ ಹೇಳು, ಲೇ ಇದು ಲಾರಿಯದು ಕಣೇ ಅನ್ನಲು ನನ್ನಿಂದ ಆಗುತ್ತಿತ್ತೇ? ಎಣ್ಣೆ ಇದೆಯಲ್ಲ, ನಡೆಯುತ್ತದೆ ಅಂದುಕೊಂಡೆ. ಮತ್ತೆ ಅದೇ ‘ನಡೆಯುತ್ತದೆ’. ಬುದ್ಧಿ ಬರಲಿಲ್ಲ ನೋಡು.

ಅವಳಿಗೆ ಅದರಿಂದ ಏನಾದರೂ ಕೆಡುಕಾಗುತ್ತದೆಯೇ, ತಕ್ಷಣ ತಿಳಿಸು. ಎಂಟನೇ ತಾರೀಖಿನದನ್ನು ಶಿವರಾತ್ರಿಯ ಮಾರನೇ ದಿನಕ್ಕೆ ಮುಂದೂಡಲು ಕೆಂಚಪ್ಪ ಒಪ್ಪಿದ್ದಾನೆ. ‘ಆಗ್ಲಿ ಬುಡ್ರಿ, ಮರಕ್ಕೆ ಇನ್ನತ್ತು ದಿನ ಆಯಸ್ಸು’ ಅಂದ.

ಹುಚ್ಚರಂಗಯ್ಯ


ಮದ್ರಾಸು
10 ಫೆಬ್ರವರಿ 1985

ಪೂಜ್ಯ ಮಾವನವರಿಗೆ,

ಭಯ ಬೇಡ. ಆ ಗ್ರೀಸು ಬಹುಪಾಲು ಹರಳೆಣ್ಣೆಯೇ, ಹಿಮ್ಮಡಿಗೆ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಎರಡು ಪಾರ್ಸಲು ಕಳಿಸಿದ್ದೇನೆ. ಒಂದು ನಿಮ್ಮ ಹೆಸರಿಗೆ, ಶಂಭುಲಿಂಗಯ್ಯನವರ ಅಂಗಡಿಯ ವಿಳಾಸಕ್ಕೆ. ಅದರಲ್ಲಿ ಗ್ರೀಸು, ಹೊಸ ರಬ್ಬರುಗಳು. ಹಳೆಯದನ್ನು ಸೀಮೆಎಣ್ಣೆಯಲ್ಲಲ್ಲ, ಬ್ರೇಕ್ ಆಯಿಲಿನಲ್ಲೇ ತೊಳೆದು ಒರೆಸಿ. ಇನ್ನೊಂದು ಅವ್ವನ ಹೆಸರಿಗೆ. ಇಲ್ಲಿಯ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಒಳ್ಳೆಯ ಮುಲಾಮು. ಏಳು ವರ್ಷದಲ್ಲಿ ನಾನು ಅವ್ವನ ಕಾಲಿಗೆಂದು ಕಳಿಸಿದ ಮೊದಲನೆಯ ವಸ್ತು. ಇದನ್ನು ಅವಳಿಗೆ ಹೇಳಬೇಡಿ.

ಬಸವರಾಜು


ತಿಪಟೂರು
20 ಫೆಬ್ರವರಿ 1985

ಚಿರಂಜೀವಿ ಬಸವರಾಜುವಿಗೆ ಆಶೀರ್ವಾದ.

ಮೊನ್ನೆ ನಾನೂ ಲಾರಿ ಹತ್ತಿದೆ. ಮಾಯಣ್ಣ ಬೇಡ ಅಂದ. ಇನ್ನು ಮೇಲೆ ನಾನು ಸರಿ ಅಂದ ಬ್ರೇಕಿನ ಮೇಲೆ ನಾನೂ ಕೂರುತ್ತೇನೆ ಅಂದೆ. ಹೊರಡುವ ಮುಂಚೆ ಇಬ್ಬರೂ ಬಗ್ಗಿ ನಾಲ್ಕು ಚಕ್ರವನ್ನೂ ನೋಡಿ, ಕಂಡದ್ದನ್ನು ಕಂಡಂತೆ ಬಾಯಿಬಿಟ್ಟು ಹೇಳಿಕೊಂಡೆವು. ಶಿವರಾತ್ರಿ ಉಪವಾಸದ ಮಾರನೆಯ ಬೆಳಿಗ್ಗೆ, ಕೈ ಮರಗಟ್ಟುವ ಚಳಿ. ಅಂಥ ಚಳಿಯೇ ಇರಲಿ ಎಂದು ಬೇಡಿಕೊಂಡಿದ್ದೆ.

ಕಾಯಿ ತುಂಬಿ ಏರಿಯ ಮೇಲೆ ಬಂದೆವು. ಇಳಿಜಾರಿನ ನಡುವೆ ಮಾಯಣ್ಣ ಬೇಕೆಂದೇ ಕಾಲಿಟ್ಟ. ಪೂರಾ ಲೋಡಿನ ಲಾರಿ ನಿಂತಿತು. ನಿಲ್ಲುವುದು ಎಲ್ಲ ಬ್ರೇಕಿಗೂ ಬರುತ್ತದೆ, ಬಿಡುವುದು ಬರಬೇಕಲ್ಲ. ಕಾಲೆತ್ತಿದ. ಲಾರಿ ತಾನಾಗಿಯೇ ಉರುಳಿತು. ಮತ್ತೆ ನಿಲ್ಲಿಸಿದ, ಮತ್ತೆ ಬಿಟ್ಟ. ಮೂರು ಸಲ. ಕೆಂಚಪ್ಪ ಆ ಮರದ ಮುಂದೆಯೇ ಕೈ ಕಟ್ಟಿಕೊಂಡು ನಿಂತಿದ್ದ. ಮಾಯಣ್ಣ ಕಿಟಕಿಯಿಂದ ತಲೆ ಹಾಕಿ, ‘ಮರಕ್ಕೆ ಹೇಳಿ ಕೆಂಚಪ್ಪನೋರೆ, ಇನ್ ಸರ್ಕೋದು ಬ್ಯಾಡ’ ಅಂದ. ತಿಪಟೂರು ಬರುವವರೆಗೂ ಆ ಹಾಳು ಸೀಟಿ. ಕಿವಿ ಹೋಯಿತು ನನ್ನದು. ಬೀಗದ ಕೈ ಅವನ ಸೊಂಟದಲ್ಲೇ ಇದೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಿಮ್ಮವ್ವ ಬಿಡುತ್ತಿಲ್ಲ. ನೀನು ಕಳಿಸಿದ ಔಷಧಿ ಅಂಗಡಿಯ ಮುಲಾಮನ್ನು ನಾಲ್ಕು ದಿನ ಹಚ್ಚಿ, ಮೂಸಿ ನೋಡಿ, ಗೋಡೆಯ ಗೂಡಿನಲ್ಲಿಟ್ಟಿದ್ದಾಳೆ. ‘ಇದು ಆಗಾಕಿಲ್ಲ ಕಣಣ್ಣ, ಮೊದ್ಲು ಕಳಿಸಿದ್ದೇ ಬೇಕು ಅಂತ ಬರಿ’ ಅಂತ ಬೆಳಗಿನಿಂದ ಎದುರಿಗೇ ಕೂತಿದ್ದಾಳೆ. ನೆಂಟರ ಪೈಕಿ ಇನ್ನಿಬ್ಬರಿಗೂ ಒಂದೊಂದು ಡಬ್ಬಿ ತರಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದಾಳಂತೆ.

ಮೂರು ಡಬ್ಬಿ ಕಳಿಸು. ಈ ಸಲದ ಗ್ರೀಸ್ ಡಬ್ಬಿಯ ಮೇಲೆ ಲಾರಿ ಚಿತ್ರವಿದೆ, ಅದನ್ನು ಕಿತ್ತು ಕಳಿಸು.

ನಿನ್ನ ಮಾವ
ಹುಚ್ಚರಂಗಯ್ಯ